ಸ್ಪ್ರಿಂಗ್ ಏರ್ ರೈಫಲ್: ಹೊಸದೋ, ಹಳೆಯದೋ?

ಜಾತ್ರೆಯ ಬಲೂನ್ ಅಂಗಡಿಯಲ್ಲಿ ಏರ್‌ಗನ್ ಹಿಡಿದವರಿಗೆ ಗೊತ್ತು: ಗುರಿ ಬಲೂನಿಗೆ, ಪೆಲೆಟ್ ಬೀಳುವುದು ಗೇಣು ಕೆಳಗೆ. ಸಾವಿರಾರು ಸಲ ಮಡಚಿ ಬಿಟ್ಟ ಸ್ಪ್ರಿಂಗು ಸೊರಗಿರುತ್ತದೆ, ನಳಿಗೆಯ ಕೀಲು ಅಲ್ಲಾಡುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ನಿಮಗೆ ಸಿಗುವುದು ಅಂಥದ್ದೇ ಇರಬಹುದು; ಯಾರೋ ಜೋಪಾನ ಮಾಡಿಟ್ಟ ಜರ್ಮನಿಯ ಹಳೆಯ ಡಯಾನಾ ರೈಫಲ್ ಕೂಡ ಇರಬಹುದು.

1. ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 (4.5 ಮಿ.ಮೀ.) ಅಳತೆ ಮತ್ತು 20 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. .22 ಆದರೆ ಬೇಕು. ಅಟ್ಟದಿಂದ ಇಳಿಸಿದ ಹಳೆಯದು .22 ಆಗಿದ್ದು ಕಾಗದಪತ್ರ ಇಲ್ಲವೆಂದರೆ, ಬೆಲೆ ಎಷ್ಟೇ ಅಗ್ಗವಿರಲಿ, ಕೈಮುಗಿದು ಬಂದುಬಿಡಿ.

2. ಸವೆಯುವ ಭಾಗ ಯಾವುದೆಂದು ತಿಳಿದಿರಲಿ. ಸ್ಪ್ರಿಂಗು, ಪಿಸ್ಟನ್ ಸೀಲ್, ನಳಿಗೆ ಕೂಡುವಲ್ಲಿನ ವಾಷರ್ ಸವೆದೇ ಸವೆಯುತ್ತವೆ. ಬಿಡಿಭಾಗ ಸಿಗುವ ಮಾದರಿಯಾದರೆ ಬದಲಾಯಿಸಿದರಾಯಿತು. ನಳಿಗೆ ಬಾಗಿದ್ದರೆ ಮಾತ್ರ ಕೊಳ್ಳಲೇಬೇಡಿ. ಮಡಚಿ ತೆರೆದಿರುವಾಗಲೇ ಯಾರಾದರೂ ಕುದುರೆ ಒತ್ತಿದರೆ ನಳಿಗೆ ಚಿಮ್ಮಿ ಮೇಲಕ್ಕೆ ಬಾಗುತ್ತದೆ. ಹಿಂದಿನ ಸೈಟನ್ನು ಪೂರ್ತಿ ಇಳಿಸಿದರೂ ಪೆಲೆಟ್ ಗುರಿಗಿಂತ ಮೇಲೆಯೇ ಹೊಡೆಯುತ್ತಿದ್ದರೆ ಆ ಅನುಮಾನ ಬರಬೇಕು.

3. ಮಾರುವವರ ಎದುರಿಗೇ ಪರೀಕ್ಷಿಸಿ. ನಳಿಗೆ ಮುಚ್ಚಿ ಎಡಬಲಕ್ಕೆ ಅಲ್ಲಾಡಿಸಿ, ಕಟಕಟ ಎನ್ನಬಾರದು. ನಳಿಗೆ ಕೂಡುವ ಜಾಗದ ಮೇಲೆ ಟಿಶ್ಯೂ ಕಾಗದದ ಚೂರಿಟ್ಟು ಹೊಡೆಯಿರಿ. ಚೂರು ಹಾರಿದರೆ ಗಾಳಿ ಸೋರುತ್ತಿದೆ. ಢಂ ಎಂದು ಸದ್ದಾಗಿ ಹೊಗೆ ಬಂದರೆ ಅದನ್ನು ಶಕ್ತಿಯೆಂದು ತಿಳಿಯಬೇಡಿ. ಸಿಲಿಂಡರಿನೊಳಗೆ ಸುರಿದ ಎಣ್ಣೆ ಒತ್ತಡಕ್ಕೆ ಹೊತ್ತಿ ಉರಿಯುತ್ತಿದೆ, ಅದು ಸೀಲನ್ನೂ ತಿನ್ನುತ್ತದೆ. ನಳಿಗೆ ಮಡಚಿ ಕಾಕ್ ಮಾಡಿ, ಮುಚ್ಚಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಹಿಂಬದಿಯನ್ನು ಅಂಗೈಯಿಂದ ತಟ್ಟಿ. ತಾನಾಗಿ ಸಿಡಿದರೆ ಅದು ಬೆರಳು ಕತ್ತರಿಸುವ ಬಂದೂಕು; ಚೌಕಾಸಿಯ ಮಾತೇ ಬೇಡ. ಪೆಲೆಟ್ ತುಂಬುವಾಗಂತೂ ಎಂಥ ರೈಫಲ್ ಆದರೂ ನಳಿಗೆಯಿಂದ ಕೈ ತೆಗೆಯಬಾರದು. ಕೊನೆಗೆ 10 ಮೀಟರ್ ದೂರದಿಂದ ಐದು ಪೆಲೆಟ್ ಹೊಡೆಯಿರಿ. ತೂತುಗಳು ಒಂದೇ ಕಡೆ ಒತ್ತಾಗಿ ಬಿದ್ದರೆ ರೈಫಲ್ ಚೆನ್ನಾಗಿದೆ. ಮಧ್ಯಕ್ಕೆ ತರುವುದು ಸೈಟಿನ ಕೆಲಸ.

4. ಪೆಲೆಟ್ ಹಾಕದೆ ಹೊಡೆದು ತೋರಿಸುವವರಿಂದ ಕೊಳ್ಳಬೇಡಿ. ಪಿಸ್ಟನ್ನಿಗೆ ಗಾಳಿಯ ಮೆತ್ತೆ ಸಿಗದೆ ಲೋಹಕ್ಕೆ ನೇರ ಬಡಿಯುತ್ತದೆ. ಮನೆಯಲ್ಲೂ ಹಾಗೇ ಮಾಡಿರುತ್ತಾರೆ.

5. ಹೊಸದರ ಡಬ್ಬಿಯ ಮೇಲಿನ ವೇಗದ ಅಂಕಿಗೆ ಮರುಳಾಗಬೇಡಿ. ಅದು ಎಷ್ಟೋ ಸಲ ಹಗುರ ಮಿಶ್ರಲೋಹದ ಪೆಲೆಟ್ಟಿನ ಲೆಕ್ಕ. ಅರ್ಧ ಗ್ರಾಮಿನ ಸೀಸದ ಪೆಲೆಟ್ ಸೆಕೆಂಡಿಗೆ 200 ಮೀಟರ್ ಹೋದರೆ 10 ಜೂಲ್. ಕಾಗದದ ಗುರಿಗೆ ಧಾರಾಳ ಸಾಕು. ಹೊಸ ರೈಫಲಿಗೂ ಹೊಂದಿಕೊಳ್ಳಲು ನೂರಾರು ಪೆಲೆಟ್ ಬೇಕು, ಮೊದಲ ದಿನವೇ ಬೈಯಬೇಡಿ.

6. ಸ್ಕೋಪ್ ಸೇರಿಸಿ ಕೊಡುತ್ತೇನೆ ಎಂದರೆ ಯಾವ ಸ್ಕೋಪ್ ಎಂದು ಕೇಳಿ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಜಗ್ಗುತ್ತದೆ. ಏರ್ ರೈಫಲಿಗೆಂದೇ ಮಾಡದ ಸ್ಕೋಪಿನ ಒಳಭಾಗ ಈ ಹೊಡೆತಕ್ಕೆ ಸಡಿಲಾಗುತ್ತದೆ.

7. ಬಿಚ್ಚಿ ಕೂಡಿಸಲು ಬಲ್ಲವರು ಹತ್ತಿರದಲ್ಲಿದ್ದಾರೆಯೇ ನೋಡಿ. ಒಳಗಿನ ಸ್ಪ್ರಿಂಗು ಸದಾ ಒತ್ತಡದಲ್ಲೇ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರೀತು. ಅಂಥವರು ಇದ್ದರೆ, ನಳಿಗೆ ಗಟ್ಟಿಯಾಗಿರುವ ಹಳೆಯದನ್ನು ಧೈರ್ಯವಾಗಿ ಕೊಳ್ಳಿ, ಸ್ಪ್ರಿಂಗು ಮತ್ತು ಸೀಲಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಇಲ್ಲದಿದ್ದರೆ, ಅದರಲ್ಲೂ ಇದು ನಿಮ್ಮ ಮೊದಲ ರೈಫಲ್ ಆಗಿದ್ದರೆ, ಬಿಲ್ಲು ಮತ್ತು ವಾರಂಟಿ ಇರುವ ಹೊಸ .177 ಕೊಳ್ಳಿ.