ಜೇವರ್ಗಿಯ ನೆರಳು, ಧ್ರುವದ ಗೆರೆ

ಮಕ್ಕಳೇ, ನಿಮ್ಮ ಶಾಲೆಯ ಗ್ಲೋಬ್ ನೋಡಿ. ಉತ್ತರ ತುದಿಯ ಬಳಿ 66½° ಅಕ್ಷಾಂಶದಲ್ಲಿ ಒಂದು ಗೆರೆ ಇದೆ. ಅದು ಆರ್ಕ್ಟಿಕ್ ವೃತ್ತ. ದಕ್ಷಿಣದಲ್ಲಿಯೂ 66½°ಯಲ್ಲಿ ಅಂಟಾರ್ಕ್ಟಿಕ್ ವೃತ್ತವಿದೆ. ಇವುಗಳ ಆಚೆಗಿರುವುದೇ ಧ್ರುವ ಪ್ರದೇಶ. 60 ಅಲ್ಲ, 70 ಅಲ್ಲ, 66½ ಏಕೆ? ಉತ್ತರ ನಿಮ್ಮ ಶಾಲೆಯ ಅಂಗಳದಲ್ಲೇ ಸಿಗುತ್ತದೆ.

ಮಾಡಿ ನೋಡಿ

ಡಿಸೆಂಬರ್ 22ರಂದು ಸಮತಟ್ಟಾದ ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಲದ ಮೇಲೆ ಅದು ಸರಿಯಾಗಿ 1 ಮೀಟರ್ ಎತ್ತರವಿರಲಿ. ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷಕ್ಕೆ ಅದರ ನೆರಳು ಆ ದಿನದ ಅತಿ ಗಿಡ್ಡ ನೆರಳಾಗಿರುತ್ತದೆ. ಅದನ್ನು ಅಳೆಯಿರಿ. ಜೇವರ್ಗಿಯಲ್ಲಿ ಸುಮಾರು 85 ಸೆಂ.ಮೀ. ಬರುತ್ತದೆ. ಸ್ವಲ್ಪ ಉತ್ತರಕ್ಕಿರುವ ಅಫಜಲಪುರದಲ್ಲಿ ತುಸು ಹೆಚ್ಚು. ಇನ್ನೂ ಉತ್ತರದ ಆಳಂದದಲ್ಲಿ ಸುಮಾರು 87 ಸೆಂ.ಮೀ. (ಸೂರ್ಯನನ್ನು ನೇರವಾಗಿ ನೋಡಬೇಡಿ.)

ಈಗ ಕಾಗದದ ಮೇಲೆ 8.5 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ಅದು ನೆರಳು. ಅದರ ಒಂದು ತುದಿಯಲ್ಲಿ 10 ಸೆಂ.ಮೀ. ಎತ್ತರದ ಲಂಬಗೆರೆ ಎಳೆಯಿರಿ. ಅದು ಕೋಲು. ಕೋಲಿನ ತುದಿಗೂ ನೆರಳಿನ ತುದಿಗೂ ಗೆರೆ ಸೇರಿಸಿ. ನೆರಳಿನ ತುದಿಯ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಸುಮಾರು 49½° ಬರುತ್ತದೆ. ಆಕಾಶದಲ್ಲಿ ಸೂರ್ಯನ ಎತ್ತರ ಅಷ್ಟು.

ಲೆಕ್ಕ ಏನು?

ಭೂಮಿಯ ಅಕ್ಷ 23½° ವಾಲಿದೆ. ಆದ್ದರಿಂದ ಡಿಸೆಂಬರ್ 22ರಂದು ಸೂರ್ಯ ದಕ್ಷಿಣದ 23½°ಯಲ್ಲಿರುವ ಮಕರ ಸಂಕ್ರಾಂತಿ ವೃತ್ತದವರಿಗೆ ನಡು ನೆತ್ತಿಯ ಮೇಲಿರುತ್ತಾನೆ. ಜೇವರ್ಗಿ ಇರುವುದು ಉತ್ತರದ 17°ಯಲ್ಲಿ. ನಡುವಿನ ಅಂತರ 40½°. ನೀವು ಒಂದು ಡಿಗ್ರಿ ದೂರ ಸರಿದರೆ ಸೂರ್ಯ ನೆತ್ತಿಯಿಂದ ಒಂದು ಡಿಗ್ರಿ ಕೆಳಗಿಳಿಯುತ್ತಾನೆ. ಹಾಗಾಗಿ ಜೇವರ್ಗಿಯಲ್ಲಿ 90 – 40½ = 49½°.

ಇಲ್ಲಿಂದ ಉತ್ತರಕ್ಕೆ ಹೋಗುತ್ತಾ ಇರಿ. 49½ ಡಿಗ್ರಿ ದಾಟಿದಾಗ ಸೂರ್ಯನ ಎತ್ತರ ಸೊನ್ನೆ! 17 + 49½ = 66½. ಅದೇ ಆರ್ಕ್ಟಿಕ್ ವೃತ್ತ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಎಂದರೆ ನಿಮ್ಮಿಂದ ಸುಮಾರು 5,500 ಕಿ.ಮೀ. ದೂರ. ಅಲ್ಲಿಂದ ಮುಂದೆ ಆ ದಿನ ಸೂರ್ಯ ಮೂಡುವುದೇ ಇಲ್ಲ. ಜೂನ್ 21ರಂದು ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. (ಗಾಳಿ ಬೆಳಕನ್ನು ಬಾಗಿಸುವುದರಿಂದ ಗೆರೆಯ ಹತ್ತಿರದವರಿಗೆ ಸೂರ್ಯ ತುಸು ಇಣುಕುವುದುಂಟು.)

ಹಾಗಾದರೆ ಈ ಗೆರೆಯನ್ನು ಎಳೆದಿರುವುದು ಚಳಿಯಲ್ಲ, ಭೂಮಿಯ ವಾಲುವಿಕೆ. ನಾರ್ವೆಯ ಟ್ರೊಮ್ಸೊ ನಗರ ವೃತ್ತದ ಒಳಗೇ ಇದೆ. ಆದರೂ ಬೆಚ್ಚನೆಯ ಸಾಗರ ಪ್ರವಾಹದಿಂದ ಅದರ ಬಂದರು ಹೆಪ್ಪುಗಟ್ಟುವುದಿಲ್ಲ.

ಭಾರತದ ವಿಜ್ಞಾನಿಗಳೂ ಈ ಗೆರೆಗಳನ್ನು ದಾಟಿದ್ದಾರೆ. 2008ರಲ್ಲಿ ಆರಂಭವಾದ 'ಹಿಮಾದ್ರಿ' ಕೇಂದ್ರ ಉತ್ತರದ ಸುಮಾರು 79°ಯಲ್ಲಿದೆ. ಅಂಟಾರ್ಕ್ಟಿಕದಲ್ಲಿ 'ಮೈತ್ರಿ' (1989) ಮತ್ತು 'ಭಾರತಿ' (2012) ಕೇಂದ್ರಗಳಿವೆ. ನಾವು ಬೇಸಿಗೆ ಬಿಸಿಲಿನಲ್ಲಿರುವಾಗ ಅಲ್ಲಿ ಚಳಿಗಾಲದ ಕತ್ತಲೆ ಕವಿಯುತ್ತಾ ಬರುತ್ತದೆ.

ನಿಮಗೊಂದು ಪ್ರಶ್ನೆ: ಮೇ 8ರಿಂದ 11ರ ನಡುವೆ ಒಂದು ದಿನ ನಿಮ್ಮ ಊರಿನಲ್ಲಿ ಅದೇ ಕೋಲಿಗೆ ನಡು ಮಧ್ಯಾಹ್ನ ನೆರಳೇ ಬೀಳದು. ಅಂದು ಸೂರ್ಯ ಯಾವ ಅಕ್ಷಾಂಶದ ನೆತ್ತಿಯ ಮೇಲಿರುತ್ತಾನೆ?