ಉಪಭಾಷೆಗೊಂದು ಸಂಕೇತ

ಊರುಗಳಿಗೆ ಪಿನ್ ಕೋಡ್ ಇರುವಂತೆ ಭಾಷೆಗಳಿಗೂ ಸಂಕೇತಾಕ್ಷರಗಳುಂಟೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ೬೩೯ನೆಯ ಮಾನಕದಲ್ಲಿ ಕನ್ನಡಕ್ಕೆ ‘ಕೆ-ಎನ್’ ಎಂಬ ಎರಡಕ್ಷರವೂ ‘ಕೆ-ಎ-ಎನ್’ ಎಂಬ ಮೂರಕ್ಷರವೂ ಸಂದಿವೆ. ೨೦೦೭ರಲ್ಲಿ ಹೊರಬಂದ ಅದರ ಮೂರನೆಯ ಭಾಗವು ಏಳು ಸಾವಿರಕ್ಕೂ ಮಿಕ್ಕ ನುಡಿಗಳಿಗೆ ಮೂರಕ್ಷರಗಳನ್ನು ಹಂಚಿತು. ಗ್ರಂಥಾಲಯದ ಸೂಚಿಯೂ ಗಣಕಯಂತ್ರವೂ ನುಡಿಯನ್ನು ಗುರುತಿಸುವುದು ಬಹುಮಟ್ಟಿಗೆ ಇವುಗಳಿಂದಲೇ.

ಆದರೆ ಈ ಮಾನಕವು ಲೆಕ್ಕಿಸುವುದು ಭಾಷೆಗಳನ್ನು, ಉಪಭಾಷೆಗಳನ್ನಲ್ಲ. ಧಾರವಾಡದ ಕಡೆಯವರ ‘ಹೋಗಾಕ’ವೂ ಕುಂದಾಪುರದವರ ‘ಹೋಪುಕೆ’ಯೂ ಒಂದೇ ‘ಕೆ-ಎ-ಎನ್’ ಚೀಲದೊಳಗೆ ಬೀಳುತ್ತವೆ. ಎಲ್ಲಿ ಭಾಷೆ ಮುಗಿದು ಉಪಭಾಷೆ ಮೊದಲಾಗುತ್ತದೆಂಬುದಕ್ಕೂ ಎಲ್ಲರೂ ಒಪ್ಪುವ ಗಡಿಕಲ್ಲಿಲ್ಲ. ನೀಲಗಿರಿಯ ಬಡಗ ನುಡಿಯನ್ನೇ ನೋಡಿರಿ: ೨೦೧೧ರ ನಮ್ಮ ಜನಗಣತಿ ಅದನ್ನು ಕನ್ನಡದ ಕೆಳಗೆ ಸೇರಿಸಿತು, ಮಾನಕವಾದರೋ ‘ಬಿ-ಎಫ್-ಕ್ಯೂ’ ಎಂದು ಬೇರೆ ಮನೆಯನ್ನೇ ಕಟ್ಟಿಕೊಟ್ಟಿದೆ. ಕೊಂಕಣಿಗೆ ಮೂರನೆಯ ದಾರಿ: ‘ಕೆ-ಒ-ಕೆ’ ಎಂಬ ಒಂದು ಕೊಡೆ, ಅದರಡಿಯಲ್ಲಿ ಎರಡು ಬಿಡಿ ಸಂಕೇತಗಳು.

ಮಿಶ್ರನುಡಿಯ ಪಾಡು ಇನ್ನೂ ತೊಡಕಿನದು. ಸಾಂಗ್ಲಿ ಜಿಲ್ಲೆಯ ಕುಪ್ಪವಾಡದಲ್ಲಿ ಗಂಪರ್ಜ್ ಮತ್ತು ವಿಲ್ಸನ್ ನಡೆಸಿದ ಅಧ್ಯಯನ ೧೯೭೧ರಲ್ಲಿ ಪ್ರಕಟವಾಯಿತು. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ಶಬ್ದಗಳು ಬೇರೆಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟಡ ಮಾತ್ರ ಒಂದೇ ಆಗುತ್ತ ಬಂದಿದೆಯೆಂದು ಅವರು ತೋರಿಸಿದರು. ಪದಕ್ಕೆ ಪದವಿಟ್ಟರೆ ಅನುವಾದ ಮುಗಿಯಿತು! ಇಂಥ ಕನ್ನಡಕ್ಕೆ ‘ಕೆ-ಎ-ಎನ್’ ಎಂದು ಬರೆದರೆ ಸುಳ್ಳಲ್ಲ; ಆದರೆ ಅದರ ವೈಶಿಷ್ಟ್ಯವೇ ಮರೆಯಾಯಿತು. ಫ್ರೆಂಚಿನ ನಾಮಪದಗಳನ್ನೂ ಕ್ರೀ ನುಡಿಯ ಕ್ರಿಯಾಪದಗಳನ್ನೂ ಬೆಸೆದುಕೊಂಡ ಕೆನಡದ ಮಿಚಿಫ್ ನುಡಿಗೆ ಮಾತ್ರ ‘ಸಿ-ಆರ್-ಜಿ’ ಎಂಬ ಸ್ವಂತ ಸಂಕೇತ ದೊರೆತಿದೆ.

ಅಂತರಜಾಲದ ಗುರುತುಪಟ್ಟಿಗಳಲ್ಲಿ ಸ್ವಲ್ಪ ಔದಾರ್ಯವುಂಟು. ಭಾಷೆ, ಲಿಪಿ, ದೇಶಗಳ ಬಳಿಕ ಪ್ರಭೇದಕ್ಕೂ ಸ್ಥಳವಿಟ್ಟಿದ್ದಾರೆ. ಇಟಲಿಯ ರೆಸಿಯಾ ಕಣಿವೆಯ ಸ್ಲೊವೇನಿಯನ್ನಿಗೂ ಲಿವರ್‌ಪೂಲಿನ ಇಂಗ್ಲಿಷಿಗೂ ಅಲ್ಲಿ ನೋಂದಣಿಯಾಗಿದೆ. ಒಂದು ಕಣಿವೆಗೆ ಸಲ್ಲುವುದು ಧಾರವಾಡಕ್ಕೇಕೆ ಸಲ್ಲಬಾರದು? ನೋಂದಣಿಯಾಗುವವರೆಗೆ ‘ಎಕ್ಸ್’ ಎಂಬ ಅಕ್ಷರದ ಮುಂದೆ ನಮ್ಮದೇ ಹೆಸರನ್ನು ಬರೆದುಕೊಳ್ಳಲು ಅಪ್ಪಣೆಯಿದೆ. ಅದು ಎಂಟು ರೋಮನ್ ಅಕ್ಷರಗಳನ್ನು ಮೀರಕೂಡದಷ್ಟೆ. ಕುಂದಾಪುರ ಕೊನೆಯ ಅಕಾರವನ್ನು ಬಿಟ್ಟುಕೊಟ್ಟರೆ ಸರಿಯಾಗಿ ಹಿಡಿಸುತ್ತದೆ.

ಇದು ಬರಿಯ ಗುಮಾಸ್ತೆಯ ಕೆಲಸವೆಂದು ಕೆಲವರು ನಗಬಹುದು. ಅಜ್ಜಿಯೊಬ್ಬಳ ಸೋಬಾನೆಯನ್ನು ಮುದ್ರಿಸಿ ‘ಕನ್ನಡ’ ಎಂದಷ್ಟೇ ಚೀಟಿ ಅಂಟಿಸಿದರೆ, ಐವತ್ತು ವರ್ಷಗಳ ಮೇಲೆ ಕುಂದಾಪುರದ ಮಾತನ್ನು ಅರಸಿ ಬಂದವನಿಗೆ ಅದು ಸಾವಿರಾರು ಮುದ್ರಿಕೆಗಳ ನಡುವೆ ಸಿಕ್ಕೀತೆ? ಗ್ರಾಂಥಿಕ ಕನ್ನಡವನ್ನಷ್ಟೇ ಕಲಿತ ಯಂತ್ರವು ‘ಹೋಪುಕೆ’ಯನ್ನು ತಪ್ಪೆಂದೇ ತಿದ್ದೀತು. ಜಾನಪದ ಸಂಗ್ರಹಕ್ಕೆ ಹೊರಡುವ ಗೆಳೆಯರು ಸಂಕೇತದ ಜೊತೆಗೆ ಹಾಡಿದವರ ಊರು, ವಯಸ್ಸು, ಅವರಾಡುವ ಇತರ ನುಡಿಗಳು ಇವಿಷ್ಟನ್ನೂ ಅಂದೇ ಬರೆದಿಡಲೆಂದು ಕೋರುತ್ತೇನೆ.