ನಾಣ್ಯದ ದರ್ಜೆ: ಅಳತೆಯೋ ಅಭಿಪ್ರಾಯವೋ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯು 1884ರಲ್ಲಿ 32 ಲಕ್ಷ ಬೆಳ್ಳಿ ಡಾಲರುಗಳನ್ನು ಅಚ್ಚು ಹಾಕಿತು. ‘ಮೋರ್ಗನ್ ಡಾಲರ್’ ಎಂದು ಪ್ರಸಿದ್ಧವಾದ ಈ ನಾಣ್ಯವು ಸವೆದ ಸ್ಥಿತಿಯಲ್ಲಿ ಇಂದಿಗೂ ಸಾಮಾನ್ಯ ಸಂಗ್ರಾಹಕನ ಕೈಗೆಟಕುವ ಬೆಲೆಗೆ ದೊರೆಯುತ್ತದೆ. ಆದರೆ ಚಲಾವಣೆಗೆ ಬಾರದೆ ಉಳಿದ ಪ್ರತಿಗಳು ಅತಿ ವಿರಳವಾದುದರಿಂದ ಅವುಗಳಿಗೆ ಸಾವಿರಾರು ಡಾಲರ್ ಬೆಲೆಯಿದೆ. ಬೆಳ್ಳಿಯ ಅಂಶ ಎರಡರಲ್ಲೂ ಒಂದೇ. ಹೀಗಿರುವಾಗ ಒಂದು ನಾಣ್ಯ ಯಾವ ಗುಂಪಿಗೆ ಸೇರಿದುದೆಂದು ನಿರ್ಣಯಿಸುವವರು ಯಾರು?

ಇದಕ್ಕೆ ಬಳಕೆಯಲ್ಲಿರುವ 1ರಿಂದ 70ರವರೆಗಿನ ಅಂಕಪದ್ಧತಿಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದರು. ಮೂಲದಲ್ಲಿ ಅದು ಬೆಲೆಯ ಸೂತ್ರವೇ ಆಗಿತ್ತು: ಅತಿ ಸವೆದ ನಾಣ್ಯದ ಮೂಲಬೆಲೆಯನ್ನು ಅಂಕದಿಂದ ಗುಣಿಸಿದರೆ ಮೌಲ್ಯ ಬರಬೇಕು. ಮಾರುಕಟ್ಟೆ ಈ ಗುಣಾಕಾರವನ್ನು ಬಹುಬೇಗ ಮೀರಿತು. ಅಂಕ ಮಾತ್ರ ಉಳಿಯಿತು. ಇಂದು 58 ಎಂದರೆ ಅಲ್ಪ ಸವೆತ, 60 ಎಂದರೆ ಸವೆತವೇ ಇಲ್ಲ. ಮೇಲೆ ಹೇಳಿದ ಡಾಲರಿನಲ್ಲಿ ಈ ಎರಡು ಅಂಕಗಳ ನಡುವೆ ಬೆಲೆ ಹಲವು ಪಟ್ಟು ಏರುತ್ತದೆ. ಮುದ್ರೆಯಲ್ಲಿರುವ ಸ್ತ್ರೀಮುಖದ ಕಿವಿಯ ಮೇಲಿನ ಕೂದಲು ಮಸುಕಾಗಿದ್ದರೆ ಅದು ಸವೆತವೋ, ಅಚ್ಚು ಸರಿಯಾಗಿ ಬೀಳದ ದೋಷವೋ ಎಂಬಲ್ಲಿ ನುರಿತವರಲ್ಲಿಯೂ ಭಿನ್ನಾಭಿಪ್ರಾಯ ಉಂಟು. ಚಿನ್ನದ ಶುದ್ಧತೆಯನ್ನು ಇನ್ನೊಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ತಕರಾರು ಮುಗಿಸಬಹುದು. ಇಲ್ಲಿ ಆ ಸೌಕರ್ಯವಿಲ್ಲ.

1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಈ ಕೆಲಸವನ್ನು ವೃತ್ತಿಯಾಗಿ ಆರಂಭಿಸಿದವು. ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ನಾಣ್ಯವನ್ನು ನೋಡಿ ಅಂಕ ನೀಡುತ್ತಾರೆ. ಅನಂತರ ಅದನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಲಾಗುತ್ತದೆ. ಇದರಿಂದ ನಕಲಿ ನಾಣ್ಯಗಳ ಭಯ ಬಹುಮಟ್ಟಿಗೆ ತಗ್ಗಿದ್ದು ನಿಜ. ಆದರೆ ಅಂಕವು ವಸ್ತುನಿಷ್ಠವೂ ಏಕರೂಪವೂ ಆದುದೆಂಬ ಪ್ರಚಾರವನ್ನು 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿತು. ಪಿಸಿಜಿಎಸ್ ವಿರುದ್ಧದ ಆ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಅಂಕ ಕಡಿಮೆ ಬಂತೆಂದು ಭಾವಿಸುವ ವ್ಯಾಪಾರಿ ಪೆಟ್ಟಿಗೆಯನ್ನು ಒಡೆದು ಅದೇ ನಾಣ್ಯವನ್ನು ಮತ್ತೆ ಕಳುಹಿಸುತ್ತಾನೆ. ಒಂದಂಕ ಏರಿದರೂ ಶುಲ್ಕದ ಅನೇಕ ಪಟ್ಟು ಲಾಭ! ಹಳೆಯ ಚೀಟಿಯನ್ನು ಹಿಂದಿರುಗಿಸದಿದ್ದರೆ ಸಂಸ್ಥೆಯ ಗಣತಿಯಲ್ಲಿ ಒಂದೇ ನಾಣ್ಯ ಎರಡು ಮೂರು ನಾಣ್ಯಗಳಾಗಿ ಕಾಣುತ್ತದೆ. ದಾಸ್ತಾನು ಪಟ್ಟಿಯಲ್ಲಿ ಒಂದೇ ಸರಕನ್ನು ಪದೇ ಪದೇ ಬರೆದಂತೆ. ಆ ಗಣತಿಯನ್ನು ನಂಬಿ ವಿರಳತೆಯನ್ನು ಅಳೆಯುವವನ ಲೆಕ್ಕವೂ ತಪ್ಪುತ್ತದೆ. ಅಂಕ ಪಡೆದ ನಾಣ್ಯವನ್ನು ಮರುಪರಿಶೀಲಿಸಿ ಹಸಿರು ಚೀಟಿ ಅಂಟಿಸುವ ಸಿಎಸಿ ಸಂಸ್ಥೆ 2007ರಲ್ಲಿ ಹುಟ್ಟಿದ್ದು ಈ ಅವಿಶ್ವಾಸದಿಂದಲೇ. ಪ್ರಮಾಣಪತ್ರಕ್ಕೇ ಇನ್ನೊಂದು ಪ್ರಮಾಣಪತ್ರ ಬೇಕಾಯಿತು.

ದರ್ಜೆಯ ವಿಷಯದಲ್ಲಿ ಒಮ್ಮತವಿದ್ದರೂ ಮೌಲ್ಯದ ಪ್ರಶ್ನೆ ಮುಗಿಯುವುದಿಲ್ಲ. 2013ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 66 ಅಂಕದ 1794ರ ಡಾಲರ್ 1,00,16,875 ಡಾಲರಿಗೆ ಮಾರಾಟವಾಯಿತೆಂದು ಪ್ರಕಟವಾಯಿತು. ಹರಾಜಿನಲ್ಲಿ ಕೂಗಿದ ಕೊನೆಯ ಬೆಲೆ 85,25,000 ಡಾಲರ್. ಉಳಿದದ್ದು ಕೊಂಡವನು ಹರಾಜುಗಾರರಿಗೆ ಕೊಟ್ಟ ಶೇಕಡಾ 17.5ರ ಶುಲ್ಕ. ದಾಸ್ತಾನಿನ ಮೌಲ್ಯ ನಿರ್ಧರಿಸುವಾಗಲಾಗಲಿ, ಪಾಲುದಾರರು ಸಂಗ್ರಹವನ್ನು ಹಂಚಿಕೊಳ್ಳುವಾಗಲಾಗಲಿ ಪ್ರಕಟಿತ ದರವನ್ನೇ ಹಿಡಿದರೆ, ನಾಣ್ಯವನ್ನು ಇಟ್ಟುಕೊಂಡವನು ಎಂದೂ ಕೈಸೇರದ ಹಣಕ್ಕೆ ಹೊಣೆಯಾಗುತ್ತಾನೆ. ಮಾರಿದವನಿಗೆ ಶುಲ್ಕ ಕಳೆದು ನಿವ್ವಳವಾಗಿ ದೊರೆಯುವ ಮೊತ್ತವನ್ನು, ಅದೂ ಒಂದಂಕ ಕೆಳಗಿನ ದರ್ಜೆಯ ಬೆಲೆಯೊಡನೆ ಹೋಲಿಸಿ, ಲೆಕ್ಕಕ್ಕೆ ತೆಗೆದುಕೊಳ್ಳುವುದು ಯುಕ್ತ.